ಹೆಸರು ಮತ್ತು ವರಸೆ

ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಹಾಕಿಸಿದರು, ಯಾರದನ್ನು ಬಿಟ್ಟರು ಎಂಬುದನ್ನೇ ಹಿಡಿದು ವರ್ಷಗಟ್ಟಲೆ ಮಾತು ಬಿಟ್ಟ ನೆಂಟರು ನಮ್ಮಲ್ಲಿ ಕಡಿಮೆಯಿಲ್ಲ. ವಿಡಿಯೊ ಗೇಮ್ ಲೋಕದಲ್ಲಿ ಅಂಥ ಮುನಿಸಿಗೆಲ್ಲ ಕಾರಣವಾಗುವ ಪತ್ರಿಕೆಯೊಂದಿದ್ದರೆ ಅದು ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಸರಣಿಯ ಪಾತ್ರಪಟ್ಟಿ. ಬೇರೆ ಬೇರೆ ಆಟಗಳ ನಾಯಕರೂ ಖಳರೂ ಒಂದೇ ಅಖಾಡಕ್ಕೆ ಇಳಿದು ಬಡಿದಾಡುವ ಈ ಸರಣಿ 1999ರಲ್ಲಿ ನಿಂಟೆಂಡೊ 64 ಕನ್ಸೋಲಿಗೆ ಬಂದಾಗ ಪಟ್ಟಿಯಲ್ಲಿದ್ದವರು 12 ಮಂದಿ. 2018ರ ‘ಅಲ್ಟಿಮೇಟ್’ ಆವೃತ್ತಿ ಹೊಸಬರನ್ನು ಸೇರಿಸಿಕೊಳ್ಳುತ್ತಲೇ ಹೋಗಿ 2021ರ ಅಕ್ಟೋಬರಿನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಲೆಕ್ಕ 89ಕ್ಕೆ ಮುಟ್ಟಿತ್ತು. ಹೊಸ ಹೆಸರು ಹೊರಬಿದ್ದಾಗಲೆಲ್ಲ ಅಭಿಮಾನಿಗಳ ಪ್ರಶ್ನೆ ಒಂದೇ: ಇವನಿಗೆ ಇಲ್ಲಿರುವ ಯೋಗ್ಯತೆ ಇದೆಯೇ? ಯೋಗ್ಯತೆಯೆಂದರೆ ಅವರ ತಕ್ಕಡಿಯಲ್ಲಿ ಜನಪ್ರಿಯತೆ. ಆ ತಕ್ಕಡಿಯೇ ಸರಿಯಿಲ್ಲವೆಂದು ನನಗನಿಸುತ್ತದೆ. ಕೇಳಬೇಕಾದದ್ದು, ಬಂದವನು ತನ್ನ ಹಳೆಯ ಆಟದ ನಡೆನುಡಿಯನ್ನು ಹೊಡೆದಾಟದ ವರಸೆಯಾಗಿ ಹೊತ್ತು ತಂದಿದ್ದಾನೋ, ಬರೀ ಮುಖ ತೋರಿಸಲು ಬಂದಿದ್ದಾನೋ ಎಂಬುದನ್ನು.

ಈ ಆಟ ಹುಟ್ಟಿದ ಬಗೆಯೇ ಇದಕ್ಕೆ ಮೊದಲ ಸಾಕ್ಷಿ. ಜಪಾನಿನ ಹ್ಯಾಲ್ ಲ್ಯಾಬೊರೇಟರಿಯಲ್ಲಿ ಮಸಾಹಿರೊ ಸಕುರಾಯ್ ವಿನ್ಯಾಸ ಮಾಡಿ, ಆಗ ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಸಟೋರು ಇವಾಟಾ ಬಿಡುವಿನಲ್ಲಿ ಪ್ರೋಗ್ರಾಂ ಬರೆದ ಮೂಲ ಮಾದರಿಯ ಹೆಸರು ‘ಡ್ರ್ಯಾಗನ್ ಕಿಂಗ್’. ಅದರಲ್ಲಿ ಮಾರಿಯೊ ಇರಲಿಲ್ಲ, ಪಿಕಾಚು ಇರಲಿಲ್ಲ. ಗುರುತು ಪರಿಚಯವಿಲ್ಲದ ಬೋಳು ದೇಹಗಳಷ್ಟೇ ನಾಲ್ವರ ಗುಂಪಿನಲ್ಲಿ ಗುದ್ದಾಡುತ್ತಿದ್ದವು. ಹೆಸರಾಂತ ಪಾತ್ರಗಳು ಆಮೇಲೆ ಬಂದವು. ನಿಯಮಗಳು ಮೊದಲು, ನೆಂಟರು ಆನಂತರ. ಆ ನಿಯಮವೂ ಬೇರೆ ಫೈಟಿಂಗ್ ಗೇಮ್‌ಗಳ ಹಾಗಿಲ್ಲ. ಪೆಟ್ಟು ಬಿದ್ದಂತೆ ಪ್ರಾಣದ ಪಟ್ಟಿ ಕರಗುವುದಿಲ್ಲ. ಶೇಕಡಾ ಲೆಕ್ಕ ಏರುತ್ತದೆ. ಅದು ಏರಿದಷ್ಟೂ ಮುಂದಿನ ಹೊಡೆತಕ್ಕೆ ನೀವು ಇನ್ನಷ್ಟು ದೂರ ಹಾರಿ ಬೀಳುತ್ತೀರಿ, ವೇದಿಕೆಯಾಚೆ ಹೋದರೆ ಸೋತಿರಿ. ಹೀಗಾಗಿ ಯಾರೆಷ್ಟು ಭಾರ, ಎಷ್ಟೆತ್ತರ ನೆಗೆಯುತ್ತಾರೆ, ಎಷ್ಟು ಬೇಗ ಕೆಳಗಿಳಿಯುತ್ತಾರೆ ಎಂಬುದೇ ಸೋಲುಗೆಲುವನ್ನು ಮಾಡುತ್ತದೆ. ಬೌಸರನ ಭಾರ, ಗಾಳಿಗೆ ತೇಲುವ ಜಿಗ್ಲಿಪಫ್‌ಳ ಹಗುರ ಇಲ್ಲಿ ಅಲಂಕಾರವಾಗಿ ಉಳಿಯದೆ ಆಟದ ಗತಿಯನ್ನೇ ನಿರ್ಧರಿಸುತ್ತವೆ.

ಅತ್ಯುತ್ತಮ ಉದಾಹರಣೆ ಬೇಕಿದ್ದರೆ ಮಾರಿಯೊನನ್ನು ಬಿಟ್ಟು ಮಿಸ್ಟರ್ ಗೇಮ್ ಆ್ಯಂಡ್ ವಾಚ್‌ನನ್ನು ನೋಡಬೇಕು. 1980ರಲ್ಲಿ ಗುನ್ಪೆಯ್ ಯೊಕೊಯ್ ರೂಪಿಸಿದ, ಅಂಗೈಯಲ್ಲಿ ಹಿಡಿಯುವ ಗೇಮ್ ಆ್ಯಂಡ್ ವಾಚ್ ಸಾಧನಗಳ ಪರದೆಯಲ್ಲಿದ್ದ ಆಕೃತಿಗಳಿಗೆ ಚಲನೆಯೇ ಇರಲಿಲ್ಲ. ಮೊದಲೇ ಅಚ್ಚಾದ ಕಪ್ಪು ನೆರಳುಗಳು ಒಂದಾದ ಮೇಲೊಂದು ಮೂಡಿ ಮಾಯವಾಗುತ್ತಿದ್ದವು. ನಡುವಿನ ಹೆಜ್ಜೆಯನ್ನು ನೋಡುವವರೇ ಊಹಿಸಿಕೊಳ್ಳಬೇಕು. ಸರಣಿಯ 2001ರ ‘ಮೆಲೀ’ ಆವೃತ್ತಿಗೆ ಇವನನ್ನು ಕರೆತಂದಾಗ ಮೂರು ಆಯಾಮದ ಮಾಂಸಖಂಡ ಕೊಡುವ ಆಮಿಷ ಇದ್ದೇ ಇತ್ತು. ಕೊಡಲಿಲ್ಲ. ಅವನು ಕಾಗದದಷ್ಟು ತೆಳ್ಳಗೇ ಉಳಿದ, ಭಂಗಿಯಿಂದ ಭಂಗಿಗೆ ತಟಕ್ಕನೆ ಹಾರುತ್ತಲೇ ಹೊಡೆದ. ಬಾಣಲೆಯಿಂದ ತಿಂಡಿ ಎಸೆಯುವುದು ‘ಶೆಫ್’ ಆಟದಿಂದ ಬಂದದ್ದು. 1ರಿಂದ 9ರವರೆಗೆ ಅಂಕಿ ತೋರಿಸಿ ಸುತ್ತಿಗೆಯಿಂದ ಬಡಿಯುವುದು ‘ಜಡ್ಜ್’ ಆಟದಿಂದ. 9 ಬಿದ್ದರೆ ಎದುರಾಳಿ ಆಕಾಶಕ್ಕೆ, 1 ಬಿದ್ದರೆ ಪೆಟ್ಟು ತನಗೇ. ಯಕ್ಷಗಾನದಲ್ಲಿ ಬಣ್ಣದ ವೇಷ ಮುಖ ತೋರಿಸುವ ಮೊದಲೇ ತೆರೆಯ ಹಿಂದಿನ ಆರ್ಭಟದಿಂದ ಬರುವವರು ಯಾರೆಂದು ತಿಳಿಯುತ್ತದಲ್ಲ, ಇವನನ್ನು ಕಣ್ಣಿಟ್ಟು ನೋಡಿದರೆ ಹಾಗೆಯೇ ಆ ಪುಟ್ಟ ಸಾಧನದ ಟಿಕ್ ಟಿಕ್ ಸದ್ದು ಕಿವಿಗೆ ಬರುತ್ತದೆ. ಬಾಕ್ಸರ್ ಲಿಟಲ್ ಮ್ಯಾಕ್ ನೆಲದ ಮೇಲೆ ಹುಲಿ, ಗಾಳಿಯಲ್ಲಿ ಪಾಪದವನು. ಬಾಕ್ಸಿಂಗ್ ರಿಂಗಿನಲ್ಲಿ ಯಾರೂ ಹಾರಾಡುವುದಿಲ್ಲ. ‘ಸ್ಟ್ರೀಟ್ ಫೈಟರ್’ನ ರ‍್ಯೂ ಬಂದಾಗ, ಹಳೆಯ ಆರ್ಕೇಡಿನ ಹಾಗೆಯೇ ಕಡ್ಡಿಯನ್ನು ಕಾಲುಸುತ್ತು ತಿರುಗಿಸಿ ಬಟನ್ ಒತ್ತಿದವರಿಗೆ ‘ಹಾಡೋಕೆನ್’ ಎಂಬ ಅವನ ಹೊಡೆತ ಹೆಚ್ಚು ಬಲವಾಗಿ ಸಿಗುವಂತೆ ಮಾಡಿದರು, ಇಪ್ಪತ್ತು ವರ್ಷದ ಹಿಂದೆ ಬೆರಳುಗಳು ಕಲಿತದ್ದು ಇಲ್ಲಿ ಮತ್ತೆ ಚಲಾವಣೆಗೆ ಬಂತು. 2020ರಲ್ಲಿ ‘ಮೈನ್‌ಕ್ರಾಫ್ಟ್’ನ ಸ್ಟೀವ್ ಬಂದಾಗಲಂತೂ ಅವನು ಎಲ್ಲಿ ಬೇಕಾದರೂ ಅಗೆಯಬೇಕು, ಇಟ್ಟಿಗೆ ಜೋಡಿಸಬೇಕು ಎಂಬ ಒಂದೇ ಕಾರಣಕ್ಕೆ ಆಟದ ಎಲ್ಲ ವೇದಿಕೆಗಳನ್ನೂ ತಿದ್ದಬೇಕಾಯಿತು. ಒಬ್ಬ ನೆಂಟನಿಗಾಗಿ ಇಡೀ ಮನೆಯ ನೆಲ ಬದಲಿಸಿದ ಹಾಗೆ.

ದುಡ್ಡು ಕೊಟ್ಟು ಕೊಳ್ಳುವವನಿಗೆ ತನಗೆ ಬೇಕಾದವರನ್ನು ಕೇಳುವ ಹಕ್ಕಿಲ್ಲವೇ ಎಂಬ ಆಕ್ಷೇಪ ಸಹಜ. ಇದೆ, ಆ ಹಕ್ಕನ್ನು 2015ರಲ್ಲಿ ಯಾರು ಬೇಕೆಂದು ಅಭಿಮಾನಿಗಳ ಮತ ಕೇಳುವ ಮೂಲಕ ನಿಂಟೆಂಡೊ ಒಪ್ಪಿಕೊಂಡೂ ಆಯಿತು. ಆ ಮತಗಣನೆಯಲ್ಲಿ ಮೊದಲ ಸ್ಥಾನ ‘ಕಿಂಗ್‌ಡಮ್ ಹಾರ್ಟ್ಸ್’ನ ಸೋರಾನದೆಂದು ಸಕುರಾಯ್ ಹೇಳಿದ್ದು ಆರು ವರ್ಷಗಳ ಮೇಲೆ, ಅವನನ್ನು ಪಟ್ಟಿಯ ಕೊನೆಯ ಹೆಸರಾಗಿ ತಂದಾಗ. ಆದರೆ ಮತಕ್ಕೆ ಒಂದು ಮಿತಿಯಿದೆ: ಜನ ತಮಗೆ ನೆನಪಿರುವವರನ್ನಷ್ಟೇ ಕೇಳುತ್ತಾರೆ. 1985ರ ‘ಐಸ್ ಕ್ಲೈಂಬರ್’ನ ಪುಟ್ಟ ಜೋಡಿಯನ್ನು 2001ರಲ್ಲಿ ಯಾವ ಮತದಾರ ಕೇಳುತ್ತಿದ್ದ? ಕೇಳದೆ ಬಂದ ಪೋಪೋ ಮತ್ತು ನಾನಾ ಒಬ್ಬರ ಹಿಂದೊಬ್ಬರು ಓಡುತ್ತ, ಒಬ್ಬ ಬಿದ್ದರೆ ಇನ್ನೊಬ್ಬ ಅರ್ಧವಾಗುತ್ತ, ಇಬ್ಬರು ಸೇರಿ ಒಬ್ಬ ಎಂಬ ಹೊಸ ವರಸೆಯನ್ನೇ ತಂದರು. 2014ರಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ 3ಡಿಎಸ್ ಯಂತ್ರಕ್ಕೆ ಈ ಜೋಡಿಯ ಭಾರ ಹೊರಲಾಗಲಿಲ್ಲವೆಂದು ಇವರನ್ನು ಬಿಟ್ಟಾಗ ಕೊರಗಿದವರು ಅನೇಕರು. ಆ ಕೊರಗು ಯಾವ ಮತಪೆಟ್ಟಿಗೆಯಿಂದಲೂ ಹುಟ್ಟಿದ್ದಲ್ಲ; ಆಡಿ ಆಡಿ ಬಂದದ್ದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಇದೆಲ್ಲ ಕೊನೆಗೆ ಕಂಪನಿಯ ಜಾಹೀರಾತು ಎಂಬುದು. ಅಲ್ಲಗಳೆಯಲಾರೆ. ‘ಮೆಲೀ’ 2001ರ ನವೆಂಬರಿನಲ್ಲಿ ಬಂದಾಗ ಅದರಲ್ಲಿದ್ದ ರಾಯ್ ಎಂಬ ಕತ್ತಿಯ ಹುಡುಗನ ಸ್ವಂತ ಆಟ ಇನ್ನೂ ಅಂಗಡಿಗೇ ಬಂದಿರಲಿಲ್ಲ. ಅದು ಬಂದದ್ದು ಮರುವರ್ಷ. ಮಾರ್ತ್ ಮತ್ತು ರಾಯ್‌ರ ‘ಫೈರ್ ಎಂಬ್ಲಮ್’ ಸರಣಿ ಆವರೆಗೆ ಜಪಾನಿನ ಗಡಿ ದಾಟಿದ್ದೇ ಇಲ್ಲ. ಇಲ್ಲಿ ಇವರನ್ನು ಕಂಡ ಹೊರದೇಶದ ಆಟಗಾರರು ಯಾರಿವರೆಂದು ಕೇಳತೊಡಗಿ, 2003ರಲ್ಲಿ ಆ ಸರಣಿ ಹೊರಗೆ ಬರಲು ದಾರಿಯಾಯಿತು. ಜಾಹೀರಾತು ಫಲಿಸಿತು, ಸರಿ. ಆದರೆ ಫಲಿಸಿದ್ದಕ್ಕೇ ಆಮೇಲೆ ಕತ್ತಿ ಹಿಡಿದವರ ಸಾಲು ಬೆಳೆದು ‘ಅಲ್ಟಿಮೇಟ್’ ಹೊತ್ತಿಗೆ ಆ ಒಂದೇ ಸರಣಿಯಿಂದ ಎಂಟು ಮಂದಿ ಕುಳಿತಿದ್ದಾರೆ. ಅಭಿಮಾನಿಗಳ ಸಿಡಿಮಿಡಿ ಇಲ್ಲಿ ನ್ಯಾಯವೇ. ನನ್ನ ಅಳತೆಗೋಲಿನಲ್ಲೂ ಇವರಲ್ಲಿ ಹಲವರು ನಿಲ್ಲುವುದಿಲ್ಲ. ಚದುರಂಗದ ಹಾಗೆ ಸರದಿಯ ಮೇಲೆ ಆಡುವ ಆಟವದು. ಅದರ ಜೀವ ಲೆಕ್ಕಾಚಾರದಲ್ಲಿದೆ, ಕತ್ತಿ ಬೀಸುವುದರಲ್ಲಿಲ್ಲ. ಇಡೀ ಸಾಲಿನಲ್ಲಿ ರಾಬಿನ್ ಒಬ್ಬನೇ ಮೂಲದ ಒಂದು ನಿಯಮವನ್ನು ಪೂರ್ತಿ ಹೊತ್ತು ತಂದದ್ದು: ಅವನ ಮಿಂಚಿನ ಕತ್ತಿ ಮತ್ತು ಮಂತ್ರದ ಪುಸ್ತಕಗಳು ಬಳಸಿದಂತೆ ಸವೆದು ಕೈಬಿಟ್ಟು ಹೋಗುತ್ತವೆ, ‘ಫೈರ್ ಎಂಬ್ಲಮ್’ನಲ್ಲಿ ಆಯುಧಗಳು ಸವೆಯುವ ಹಾಗೆಯೇ. ಎಂಟು ಮಂದಿಯಲ್ಲಿ ಇಬ್ಬರನ್ನೋ ಮೂವರನ್ನೋ ಇಟ್ಟುಕೊಳ್ಳುವುದಾದರೆ ನಾನು ಮೊದಲು ಉಳಿಸುವುದು ಅವನನ್ನೇ.

ನನ್ನ ವಾದಕ್ಕೆ ನಿಜವಾದ ಪೆಟ್ಟು ಕ್ಯಾಪ್ಟನ್ ಫಾಲ್ಕನ್‌ನಿಂದ ಬೀಳುತ್ತದೆ. ಅವನು ಬಂದ 1990ರ ‘ಎಫ್-ಝೀರೊ’ ರೇಸಿನ ಆಟ. ಅದರಲ್ಲಿ ಅವನು ವಾಹನದಿಂದ ಕೆಳಗಿಳಿದು ಹೊಡೆದಾಡಿದ್ದೇ ಇಲ್ಲ. ಹೊತ್ತು ತರಲು ವರಸೆಯೇ ಇಲ್ಲದವನಿಗೆ ‘ಡ್ರ್ಯಾಗನ್ ಕಿಂಗ್’ ಮಾದರಿಯ ಬೋಳು ದೇಹದ ಹೊಡೆತಗಳನ್ನೇ ತೊಡಿಸಿದರು, ಬೆಂಕಿಯ ಹಕ್ಕಿಯಂತೆ ಹೊಮ್ಮುವ ‘ಫಾಲ್ಕನ್ ಪಂಚ್’ ಹುಟ್ಟಿತು. ಅದು ಎಷ್ಟು ಹೆಸರಾಯಿತೆಂದರೆ ಆಮೇಲೆ ಬಂದ ಎಫ್-ಝೀರೊ ಆ್ಯನಿಮೆ ಧಾರಾವಾಹಿಯೂ ಅದನ್ನು ಎರವಲು ಪಡೆಯಿತು. ಹಾಗಾದರೆ ಮೂಲವಿಲ್ಲದೆಯೂ ವರಸೆ ಹುಟ್ಟಬಹುದು ಎಂದು ಒಪ್ಪಲೇಬೇಕು. ಒಪ್ಪುತ್ತೇನೆ, ಆದರೂ ಗೆದ್ದದ್ದು ಹೆಸರಲ್ಲ ಎಂಬುದನ್ನು ಗಮನಿಸಿ, ಆ ಗುದ್ದು. ಇದನ್ನು ಒಪ್ಪಿದ ಮೇಲೆ ವಾಲುಯಿಗಿಯನ್ನೂ ಪಟ್ಟಿಗೆ ಸೇರಿಸಿ ಎನ್ನುವ ಅಭಿಮಾನಿಗಳಿಗೆ ಉತ್ತರ ಕೊಡುವುದು ನನಗೆ ಕಷ್ಟವಾಗುತ್ತದೆ. 2000ರಲ್ಲಿ ‘ಮಾರಿಯೊ ಟೆನಿಸ್’ ಆಟದಲ್ಲಿ ವಾರಿಯೊಗೆ ಜೊತೆಗಾರ ಬೇಕೆಂದು ಹುಟ್ಟಿಸಿದ ಈ ಕಡ್ಡಿದೇಹದ ಮೀಸೆಯವನಿಗೆ ಸ್ವಂತದ್ದೆನ್ನುವ ಆಟವಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಜಾಗವಿಲ್ಲ ಎಂದು ಹಿಂದಾದರೆ ಹೇಳಿ ಮುಗಿಸಬಹುದಿತ್ತು. ಈಗ ಈ ಸರಣಿಯಲ್ಲಿ ಅವನು ಯಾರೋ ಕರೆದಾಗ ಬಂದು, ಸಿಕ್ಕವರನ್ನು ತುಳಿದು, ಟೆನಿಸ್ ರ‍್ಯಾಕೆಟ್ಟಿನಿಂದ ಬಾರಿಸಿ ಮಾಯವಾಗುವ ಸಹಾಯಕ. ಆ ತುಳಿತದಲ್ಲಿ, ಆ ರ‍್ಯಾಕೆಟ್ಟಿನ ಬೀಸಿನಲ್ಲಿ, ಅರ್ಧ ವರಸೆ ಆಗಲೇ ಇದೆ.