ದುಷ್ಟ ಪ್ರಹೇಲಿಕೆ

ಒಗಟನ್ನು ಒಡ್ಡುವವನು ಬಾಯಿಬಿಟ್ಟು ಹೇಳದೆಯೇ ಒಂದು ಮಾತನ್ನು ಕೊಟ್ಟಿರುತ್ತಾನೆ: ಇದಕ್ಕೆ ಉತ್ತರವುಂಟು, ಹುಡುಕಿದರೆ ಸಿಕ್ಕುವುದು. ನಮ್ಮ ಪೆರೇಸಂದ್ರದ ಕಡೆ ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ; ಮುದುಕಿಯರು ಎರಡರಲ್ಲಿಯೂ ಒಗಟು ಹೇಳುತ್ತಿದ್ದರು. ಮಕ್ಕಳು ಸೋತೆವೆಂದು ಒಪ್ಪಿದೊಡನೆ ಉತ್ತರವನ್ನು ಬಿಚ್ಚಿ ತೋರಿಸಲೇಬೇಕಾಗಿತ್ತು. ಉತ್ತರವಿಲ್ಲದ ಒಗಟನ್ನು ಒಡ್ಡಿದವಳ ಹತ್ತಿರ ಮರುದಿನ ಯಾರೂ ಕೂರುತ್ತಿರಲಿಲ್ಲ. ಈ ಹಳೆಯ ಒಪ್ಪಂದವು ಗಣಕಯಂತ್ರದ ಆಟಗಳಲ್ಲಿ ಯಾವ ಗತಿಗೆ ಬಂದಿದೆಯೆಂದು ಈಚೆಗೆ ನಾವು ಯೋಚಿಸುತ್ತಿದ್ದೇವೆ.

ಅದಕ್ಕೆ ಕಾರಣ, ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗನು ರಜೆಗೆ ಬರುವಾಗ ತಂದ ‘ಫೆಜ್’ ಎಂಬ ಆಟ. ಕೆನಡಾ ದೇಶದ ಮಾಂಟ್ರಿಯಲ್ ನಗರದ ಪಾಲಿಟ್ರಾನ್ ಎಂಬ ಪುಟ್ಟ ಸಂಸ್ಥೆಯವರು ಇದನ್ನು 2012ನೆಯ ಇಸವಿ ಏಪ್ರಿಲಿನಲ್ಲಿ ಹೊರತಂದರು. ಕಲ್ಪನೆ ಫಿಲ್ ಫಿಶ್ ಎಂಬಾತನದು. ಫೆಜ್ ಎಂದರೆ ಕೆಂಪು ತುರ್ಕಿ ಟೊಪ್ಪಿಗೆ. ಗೋಮೆಜ್ ಎಂಬ ಬಿಳಿಯ ಪುಟ್ಟ ಪ್ರಾಣಿಯು ಉದ್ದವೂ ಎತ್ತರವೂ ಮಾತ್ರ ಇರುವ ಚಪ್ಪಟೆ ಲೋಕದಲ್ಲಿ ಸುಖವಾಗಿರುತ್ತದೆ. ಆ ಟೊಪ್ಪಿಗೆ ತಲೆಯನ್ನೇರಿದ ಮೇಲೆ ಲೋಕಕ್ಕೆ ಆಳವೂ ಉಂಟೆಂದು ತಿಳಿಯುತ್ತದೆ. ಅಂದಿನಿಂದ ಜಗತ್ತನ್ನು ಕಾಲುಸುತ್ತು, ಕಾಲುಸುತ್ತಾಗಿ ತಿರುಗಿಸಬಹುದು. ದಾಟಲಾಗದಷ್ಟು ದೂರವಿದ್ದ ಎರಡು ಬಂಡೆಗಳು ತಿರುಗಿಸಿದೊಡನೆ ಒಂದಕ್ಕೊಂದು ತಾಗಿದಂತೆ ಕಾಣುವುವು. ಕಂಡರೆ ಸಾಕು, ಗೋಮೆಜನು ದಾಟಿಯೇಬಿಡುತ್ತಾನೆ! ದೃಷ್ಟಿಸೃಷ್ಟಿವಾದವನ್ನು ಪಾಠ ಹೇಳುವ ವಿದ್ವಾಂಸರು ಇದನ್ನೊಮ್ಮೆ ನೋಡಬೇಕು.

ಸಂಜೆಯಾಗುತ್ತದೆ, ಇರುಳಾಗುತ್ತದೆ, ಪಾಳುಗುಡಿಗಳಂತಹ ಕಟ್ಟಡಗಳ ಮೇಲೆ ಬಣ್ಣ ಬದಲಾಗುತ್ತದೆ. ಸಂಗೀತವು ಎಲ್ಲಿಯೂ ಗದ್ದಲ ಮಾಡುವುದಿಲ್ಲ. ಕಲ್ಲುಗಳ ಮೇಲೆ ಆ ಲೋಕದ್ದೇ ಆದ ಲಿಪಿಯುಂಟು. ಒಂದೆಡೆ ನರಿಯೊಂದು ನಾಯಿಯ ಮೇಲಿಂದ ಹಾರುತ್ತದೆ, ಪಕ್ಕದಲ್ಲಿ ಶಾಸನ. ಇಂಗ್ಲಿಷಿನ 26 ಅಕ್ಷರಗಳೂ ಬರುವ ಆ ನರಿ ನಾಯಿಯ ವಾಕ್ಯವನ್ನು ಬೆರಳಚ್ಚು ಕಲಿತವರೆಲ್ಲರೂ ಬಲ್ಲರು. ಅದರಿಂದಲೇ ಲಿಪಿಯನ್ನು ಒಡೆಯಬೇಕು. ಇಷ್ಟು ಗೂಢವಾಗಿ, ಇಷ್ಟು ನ್ಯಾಯವಾಗಿ ಒಡ್ಡಿದ ಒಗಟನ್ನು ನಾವು ಕಂಡದ್ದು ಅಪರೂಪ.

ಆಟದ ಮೊದಲಲ್ಲಿಯೇ ಹೊಂಬಣ್ಣದ ಘನಾಕೃತಿಯೊಂದು ಸಿಡಿದು, ಚಿತ್ರವು ಚೂರುಚೂರಾಗಿ ಹರಿದು, ಯಂತ್ರವೇ ಕೆಟ್ಟು ಮತ್ತೆ ಮೊದಲಿನಿಂದ ಹೊರಟಂತೆ ತೋರುತ್ತದೆ. ನಮ್ಮ ಮನೆಯಾಕೆ ಒಳಗಿನಿಂದ ಓಡಿಬಂದು, “ಅಯ್ಯೋ, ಕರೆಂಟು ಹೆಚ್ಚುಕಮ್ಮಿಯಾಯಿತೇನೋ, ತೆಗೆಯೋ ಮರಿ!” ಎಂದರು. ಹುಡುಗನು ನಕ್ಕುಬಿಟ್ಟನು, ಅದು ಬೇಕೆಂದೇ ಮಾಡಿದ ಕೇಡು, ಕಥೆಯ ಒಂದು ಭಾಗ. ಆದರೆ ಅಲ್ಲಿಂದಾಚೆಗೆ ಚಿತ್ರವು ಸ್ವಲ್ಪ ನಡುಗಿದರೂ ಅವನು ತಿರುಗಿ ಕೇಳುವನು: “ತಾತ, ಇದು ಒಗಟೋ, ತಪ್ಪೋ?”

ಈ ಪ್ರಶ್ನೆಗೆ ಹಿಂದೆ ಕಾರಣವಿತ್ತು. ಆಟವು ಮೊದಲು ಮೈಕ್ರೋಸಾಫ್ಟಿನವರ ಯಂತ್ರಕ್ಕಾಗಿ ಬಂದಾಗ ತಡವರಿಸುತ್ತಿತ್ತು, ನಡುವೆ ನಿಂತೂ ಬಿಡುತ್ತಿತ್ತು. ಬಲ್ಲವರು ಇಂಥದಕ್ಕೆ ‘ಬಗ್’ ಎನ್ನುವರು, ಎಂದರೆ ಹುಳು. ಮಿರಮಿರ ಮಿಂಚುವ ಬದನೆಕಾಯಿಯೊಳಗೂ ಇರುವಂಥದು. ಬೇಸಗೆಯಲ್ಲಿ ಒಂದು ತೇಪೆಯನ್ನು ಕಳುಹಿಸಿದರು. ಅದು ಬಹಳ ಹುಳುಗಳನ್ನು ಕೊಂದಿತು. ಆದರೆ ಕೆಲವರು ಅದುವರೆಗೆ ಆಡಿದ್ದನ್ನು ಯಂತ್ರವು ಬರೆದಿಟ್ಟುಕೊಂಡಿದ್ದ ಲೆಕ್ಕವನ್ನೇ ಕೆಡಿಸಿತು. ಹಿಂದಕ್ಕೆ ತೆಗೆದುಕೊಂಡ ಆ ತೇಪೆಯನ್ನೇ ಜುಲೈ ತಿಂಗಳಲ್ಲಿ ಮತ್ತೆ ಹಾಕಿದರು. ಇನ್ನೊಂದು ತೇಪೆಗೆ ಹತ್ತಾರು ಸಾವಿರ ಡಾಲರು ಶುಲ್ಕ ತೆರಬೇಕು, ನಷ್ಟವಾದವರು ನೂರಕ್ಕೆ ಒಬ್ಬನಿಗಿಂತ ಕಡಮೆ, ಎಂಬುದು ಅವರ ಸಮಾಧಾನ. ಆ ಶುಲ್ಕವು 2013ರಲ್ಲಿ ರದ್ದಾಯಿತು. ನಮ್ಮ ಹುಡುಗನು ಆಡುವುದು ಗಣಕಯಂತ್ರಕ್ಕಾಗಿ ಅದೇ ವರ್ಷ ಬಂದ ಬೇರೆ ರೂಪವನ್ನು.

ಬಡ ಕುಶಲಕರ್ಮಿಗಳ ಕಷ್ಟ ನಮಗೆ ತಿಳಿಯದುದಲ್ಲ. ಆದರೂ ಆ ನೂರರಲ್ಲೊಬ್ಬನು ನಮ್ಮ ಮನಸ್ಸನ್ನು ಬಿಡುವುದಿಲ್ಲ. ಆಟದಲ್ಲಿ ಕೂಡಿಸಬೇಕಾದ ಘನಗಳು ಒಟ್ಟು 64. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದವರು. ಅಂತಹ ಬಂಧದಲ್ಲಿ ಒಂದು ಮನೆ ತಪ್ಪಾಗಿ ಅಚ್ಚಾಗಿದ್ದರೆ 63 ಸರಿಯಿದ್ದು ಬಂದ ಭಾಗ್ಯವೇನು?

ನಾವು ಕಲಿಸುತ್ತಿದ್ದುದು ಸಂಸ್ಕೃತ. ಒಮ್ಮೆ ಗಣಿತದ ಮೇಷ್ಟ್ರು ರಜೆಯಲ್ಲಿದ್ದಾಗ ಒಬ್ಬ ಜಾಣ ಹುಡುಗನು ನೋಟುಪುಸ್ತಕವನ್ನು ತಂದು ತೋರಿಸಿದನು. ಒಂದೇ ಲೆಕ್ಕವನ್ನು ಹನ್ನೊಂದು ಸಲ ಮಾಡಿ, ಅಳಿಸಿ ಅಳಿಸಿ, ಕಾಗದವೇ ತೂತಾಗಿತ್ತು. “ನನಗೆ ತಲೆ ಓಡುವುದಿಲ್ಲ ಸಾರ್” ಎಂದನು. ಪುಸ್ತಕದ ಹಿಂದೆ ಅಚ್ಚಾಗಿದ್ದ ಉತ್ತರವೇ ತಪ್ಪಾಗಿತ್ತು. ಹುಡುಗನ ಹನ್ನೊಂದೂ ಸರಿ. ಅಚ್ಚು ಹಾಕಿಸಿದವರು ಯಾರೋ, ಈಗ ಹೆಸರು ಬೇಡ. ಒಗಟಿನ ದೋಷವು ಒಗಟಿನ ಮೇಲೆ ಹೊರಿಸಲ್ಪಡುವುದಿಲ್ಲ, ಬಿಡಿಸುವವನ ಬುದ್ಧಿಯ ಮೇಲೆ ಹೊರಿಸಲ್ಪಡುತ್ತದೆ. ಅಚ್ಚು ಅಂದವಾದಷ್ಟೂ ಹಾಗೆಯೇ.

ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ 16 ಬಗೆಯ ಪ್ರಹೇಲಿಕೆಗಳನ್ನು ಹೇಳುತ್ತಾನೆ. ಪೂರ್ವಾಚಾರ್ಯರು ಇವುಗಳಲ್ಲದೆ 14 ದುಷ್ಟ ಪ್ರಹೇಲಿಕೆಗಳನ್ನೂ ಎಣಿಸಿದ್ದರಂತೆ. ದೋಷಗಳಿಗೆ ಲೆಕ್ಕವೇ ಇಲ್ಲವಾದುದರಿಂದ ತಾನು ಒಳ್ಳೆಯವುಗಳನ್ನೇ ನಿರೂಪಿಸುವೆನೆಂದು ಹೇಳಿ ಮುಂದೆ ಹೋಗುತ್ತಾನೆ. ಪಾಠ ಹೇಳುವಾಗ ನಾವೂ ಆ ಮಾತನ್ನು ಬೇಗ ದಾಟಿಬಿಡುತ್ತಿದ್ದೆವು. ಈಗ ಮಾತ್ರ ಆ ಹದಿನಾಲ್ಕು ಯಾವುವೋ ಎಂದು ಕುತೂಹಲ. ಲಕ್ಷಣವೆಲ್ಲವೂ ಸರಿಯಿದ್ದು ತಯಾರಿಕೆಯಲ್ಲಿ ಕೆಟ್ಟುದಕ್ಕೆ ಅಲ್ಲಿ ಸ್ಥಳವಿತ್ತೊ ಇಲ್ಲವೊ!

ಆಟವನ್ನು ಬೇಡವೆನ್ನಲು ನಮಗೆ ನಾಲಗೆ ಬರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹುಡುಗನ ಹಿಂದೆ ಕುರ್ಚಿ ಹಾಕಿಕೊಂಡು ನಾವೇ ಕೂರುತ್ತೇವೆ. ಕೆಟ್ಟ ತೇಪೆಯನ್ನು ತಿಳಿದೂ ತಿಳಿದೂ ಮತ್ತೆ ಹಾಕಿದವರನ್ನು ಕ್ಷಮಿಸಲೂ ಮನಸ್ಸು ಒಪ್ಪುವುದಿಲ್ಲ. ಹುಡುಗನು ಇದಕ್ಕೆ ತನ್ನದೇ ಉಪಾಯ ಮಾಡಿದ್ದಾನೆ. ನೋಟುಪುಸ್ತಕದಲ್ಲಿ ಗೆರೆ ಎಳೆದು, ಒಂದು ಕಡೆ ‘ಒಗಟು’, ಒಂದು ಕಡೆ ‘ತಪ್ಪು’, ಕೊನೆಯಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆ. ರಜೆ ಮುಗಿದು ಅವನು ಬೆಂಗಳೂರಿನ ಬಸ್ಸು ಹತ್ತುವಾಗ ಆ ಮೂರನೆಯ ಪಟ್ಟಿಯೇ ಎಲ್ಲಕ್ಕಿಂತ ಉದ್ದವಾಗಿತ್ತು.