ಎಂಬತ್ತೊಂಬತ್ತು ವರ್ಷ ಕಾದ ಕೋಡಿ

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಸುಮಾರು 20 ಕಿಲೋಮೀಟರ್ ಸಾಗಿದರೆ ಎರಡು ಗುಡ್ಡಗಳು ಒಂದಕ್ಕೊಂದು ಮೈ ತಾಗಿಸುವಷ್ಟು ಹತ್ತಿರ ಬಂದು ನಿಂತಿರುವುದು ಕಾಣುತ್ತದೆ. ಆ ಕಿರಿದಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಗೋಡೆಯೇ ವಾಣಿವಿಲಾಸ ಸಾಗರ. ಸುತ್ತಲಿನ ಹಳ್ಳಿಗಳವರಿಗೆ ಮಾತ್ರ ಇದು ಇಂದಿಗೂ ಮಾರಿಕಣಿವೆ. ಕಣಿವೆ ಮಾರಮ್ಮನ ಗುಡಿಗೆ ಕೈಮುಗಿದೇ ಜನ ಅಣೆಕಟ್ಟು ನೋಡಲು ಹೋಗುತ್ತಾರೆ.

2023ರಲ್ಲಿ ನಾನಿಲ್ಲಿಗೆ ಹೋದಾಗ ಜೊತೆಗೆ ಅಕ್ಕನ ಮಗನಿದ್ದ. ಎರಡು ವರ್ಷ ಶ್ರದ್ಧೆಯಿಂದ ಓದಿದ ಹುಡುಗ. ಸಿಇಟಿಗೆ ನಾಲ್ಕು ದಿನ ಇರುವಾಗ ಜ್ವರ ಹಿಡಿಯಿತು. ಮೈ ಸುಡುತ್ತಿದ್ದಾಗಲೇ ಹೋಗಿ ಪರೀಕ್ಷೆ ಬರೆದು ಬಂದ. ಬಂದ ರ‍್ಯಾಂಕ್ ಅವನು ಎಣಿಸಿದ್ದಕ್ಕಿಂತ ಬಹಳ ಕೆಳಗಿತ್ತು. ಮನೆಯಲ್ಲಿ ಯಾರೂ ಬೈಯಲಿಲ್ಲ; ಆದರೆ ಯಾರೂ ಸರಿಯಾಗಿ ಮಾತನ್ನೂ ಆಡಲಿಲ್ಲ. "ಎಲ್ಲಿಗಾದರೂ ಕರೆದುಕೊಂಡು ಹೋಗಿ ಬಾರೋ" ಎಂದು ಅಕ್ಕ ಹೇಳಿದ್ದಳು.

ಅಣೆಕಟ್ಟಿನ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಆಗ ಸಿಮೆಂಟಿನ ಕಾಲವಲ್ಲ. ಕಲ್ಲು ಮತ್ತು ಗಾರೆಯ ಕಟ್ಟಡ. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಚಿಕ್ಕವರಿದ್ದಾಗ ಮೈಸೂರು ರಾಜ್ಯವನ್ನು ನೋಡಿಕೊಂಡ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಇದಕ್ಕೆ ಇಡಲಾಗಿದೆ. ತುಂಬಿದಾಗ ನೀರಿನ ಮಟ್ಟ 130 ಅಡಿ; ಹಿಡಿಯುವ ನೀರು ಸುಮಾರು 30 ಟಿಎಂಸಿ.

ಆದರೆ ತುಂಬುವುದು ಯಾವಾಗ? ಹಿರಿಯೂರು ಬಯಲುಸೀಮೆ. ಇಲ್ಲಿ ಬೀಳುವ ಮಳೆಯನ್ನೇ ನಂಬಿದರೆ ಈ ಜಲಾಶಯ ತುಂಬುವಂತಿಲ್ಲ. ದೂರದ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಇತ್ತ ಹರಿಯಬೇಕು. ನಡುವೆ ಅಯ್ಯನಕೆರೆ, ಮದಗದ ಕೆರೆಯಂಥ ಕೆರೆಗಳ ಪಾಲು ಸಲ್ಲಬೇಕು. ಉಳಿದದ್ದು ಇಲ್ಲಿಗೆ. ಇಷ್ಟೆಲ್ಲ ಆಗಿ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಬರೋಬ್ಬರಿ 89 ವರ್ಷಗಳ ನಂತರ!

ನಾವು ಹೋದಾಗ ಕೋಡಿ ನಿಂತಿತ್ತು. ಪಕ್ಕದಲ್ಲಿ ಹಿರಿಯರೊಬ್ಬರು ತಮ್ಮದೇ ತೋಟದ ಎಳನೀರು ಮಾರುತ್ತಿದ್ದರು. ಕಾಯಿ ಕೆತ್ತುತ್ತಲೇ ಮಾತಿಗಿಳಿದರು.

"ನಮ್ಮಪ್ಪ ಹುಡುಗನಾಗಿದ್ದಾಗ ಕೋಡಿ ಬಿದ್ದಿದ್ದು ನೋಡಿದ್ದ ಸ್ವಾಮಿ. ಸಾಯೋವರೆಗೂ ಅದನ್ನೇ ಹೇಳ್ತಿದ್ದ. ನಾವು ಕತೆ ಅಂದ್ಕೊಂಡಿದ್ವಿ."

ಬರದ ವರ್ಷಗಳಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಅವರು ಮಚ್ಚನ್ನು ಪಕ್ಕಕ್ಕಿಟ್ಟರು.

"ಇನ್ನೂರು ತೆಂಗು ಇದ್ವು. ಬೋರು ಕೈಕೊಡ್ತು. ಟ್ಯಾಂಕರ್ ನೀರು ಎಷ್ಟಕ್ಕೆ ಸಾಲುತ್ತೆ? ಹಳೇವು ನೂರಿಪ್ಪತ್ತು ಬಿಟ್ಟೆ, ಎಳೇವು ಎಂಬತ್ತಕ್ಕೆ ನೀರು ಕೊಟ್ಟೆ. ಬಿಟ್ಟವೆಲ್ಲ ನಮ್ಮಪ್ಪ ಹಾಕಿದ ಮರ. ಸುಳಿ ಒಣಗೋದು ನೋಡಲಾರದೆ ಆ ಕಡೆಗೇ ಹೋಗ್ತಿರಲಿಲ್ಲ."

ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗ ಕೇಳಿದ, "ಮುಂದೆ ಮಳೆ ಬರುತ್ತೆ ಅಂತ ನಿಮಗೆ ಗೊತ್ತಿತ್ತಾ ತಾತ?"

"ಗೊತ್ತಿದ್ದಿದ್ರೆ ಸಾಲ ಮಾಡಿಯಾದ್ರೂ ಎಲ್ಲಾ ಉಳಿಸ್ತಿದ್ದೆ ಮಗ. ಬರೋದೇ ಇಲ್ಲ ಅಂತ ಗೊತ್ತಿದ್ದಿದ್ರೆ ಎಲ್ಲಾ ಬಿಟ್ಟು ಊರು ಬಿಡ್ತಿದ್ದೆ. ಎರಡೂ ಗೊತ್ತಿರಲಿಲ್ಲ. ಅದಕ್ಕೇ ಎಂಬತ್ತು."

ಆ ಎಂಬತ್ತರ ಲೆಕ್ಕ ನನ್ನ ತಲೆಯಲ್ಲಿ ಬಹಳ ಹೊತ್ತು ಉಳಿಯಿತು. ಮಳೆ ಅವರ ಕೈಯಲ್ಲಿರಲಿಲ್ಲ. ಇದ್ದ ನೀರನ್ನು ಯಾವ ಬುಡಕ್ಕೆ ಹಾಕಬೇಕೆಂಬುದು ಮಾತ್ರ ಅವರ ಕೈಯಲ್ಲಿತ್ತು. ಅದನ್ನು ಅವರು ಅಳುತ್ತಲೇ ಆದರೂ ಸರಿಯಾಗಿ ಮಾಡಿದರು.

ಅಣೆಕಟ್ಟು ಕಟ್ಟಿದವರ ಕತೆಯೂ ಹೀಗೆಯೇ. ಪ್ರತಿ ವರ್ಷ ನದಿ ತುಂಬಿ ಬರುತ್ತದೆಂಬ ಖಾತರಿ ಅವರಿಗಿರಲಿಲ್ಲ. ಆದರೂ ತುಂಬಿ ಬಂದರೆ ನೀರು ಹೊರಹೋಗಲು ದಾರಿ ಬೇಕೆಂದು ಕೋಡಿ ಕಟ್ಟಿದರು. 1933ರ ನಂತರ ಹುಟ್ಟಿ ಮುದುಕರಾದ ಎಷ್ಟೋ ಜನರ ಪಾಲಿಗೆ ಅದೊಂದು ದಂಡದ ಕಟ್ಟಡ. 2022ರಲ್ಲಿ ನೀರು ಬಂದಾಗ ಆ ದಾರಿ ಅಲ್ಲಿತ್ತು. ಒಳ್ಳೆಯ ತೀರ್ಮಾನಕ್ಕೆ ಅದೇ ವರ್ಷ ಫಲ ಸಿಗಬೇಕೆಂಬ ನಿಯಮವೇನೂ ಇಲ್ಲ. ಫಲ ಸಿಗದ ವರ್ಷಗಳಲ್ಲೂ ಅದು ಒಳ್ಳೆಯ ತೀರ್ಮಾನವೇ.

ಹಾಗೆಂದು ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮಳೆಯನ್ನಷ್ಟೇ ಕಾಯುವುದು ಸಾಲದೆಂದು ಇತ್ತೀಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರಾ ನೀರನ್ನೂ ಇತ್ತ ತರಲಾಗಿದೆ. 2022ರ ಕೋಡಿಗೆ ಆ ವರ್ಷದ ಭಾರಿ ಮಳೆಯ ಜೊತೆ ಈ ನೀರೂ ಸೇರಿತ್ತು. 2025ರಲ್ಲಿ ಕೋಡಿ ಮತ್ತೆ ಹರಿಯಿತು. ಆಕಾಶವನ್ನು ಯಾರೂ ಬದಲಿಸಲಿಲ್ಲ; ಕಾಲುವೆಯನ್ನು ಮನುಷ್ಯರೇ ತೋಡಿದರು.

ಫಲಿತಾಂಶದ ದಿನಗಳಲ್ಲಿ ಅಪ್ಪ ಅಮ್ಮಂದಿರು ಇದನ್ನು ನೆನೆಯುವುದು ಒಳ್ಳೆಯದು. ಪ್ರಶ್ನೆಪತ್ರಿಕೆ, ಪರೀಕ್ಷೆಯ ವಾರದ ಜ್ವರ, ಬೇರೆಯವರ ಅಂಕ, ಆ ವರ್ಷದ ಕಟಾಫ್ ಇವು ಯಾವುವೂ ಮಗುವಿನ ಕೈಯಲ್ಲಿಲ್ಲ. ಓದಿದ ಓದು ಮತ್ತು ಮುಂದಿಡುವ ಹೆಜ್ಜೆ ಅದರ ಕೈಯಲ್ಲಿವೆ. ಓದಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ರ‍್ಯಾಂಕ್ ನೋಡಿ ಹಿಂತೆಗೆದುಕೊಂಡರೆ, ಮುಂದಿನ ಹೆಜ್ಜೆಗೆ ಮಗುವಿನಲ್ಲಿ ಧೈರ್ಯವೇ ಉಳಿಯುವುದಿಲ್ಲ.

ಮಾರಿಕಣಿವೆಗೆ ಹೋಗುವುದು ಕಷ್ಟವಲ್ಲ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿರುವ ಹಿರಿಯೂರು ಬೆಂಗಳೂರಿನಿಂದ ಸುಮಾರು 160 ಕಿಲೋಮೀಟರ್. ಚಿತ್ರದುರ್ಗದಿಂದ 40 ಕಿಲೋಮೀಟರ್ ಆಸುಪಾಸು. ಗುಡ್ಡದ ಮೇಲಿನಿಂದ ನೋಡಿದರೆ ಹಿನ್ನೀರು ಭಾರತದ ನಕ್ಷೆಯ ಹಾಗೆ ಕಾಣುತ್ತದೆಂದು ಜನ ಹೇಳುತ್ತಾರೆ. ಬಿಸಿಲು ಏರುವ ಮೊದಲು ಹತ್ತುವುದು ಮೇಲು.

ಸಂಜೆ ಹಿರಿಯೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿದೆವು. ಶಿರಾ ಬರುವ ಹೊತ್ತಿಗೆ ಹುಡುಗ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದ. ಆಪ್ಷನ್ ಎಂಟ್ರಿಗೆಂದು ಅವರಪ್ಪ ಬರೆದುಕೊಟ್ಟಿದ್ದ ಕಾಲೇಜುಗಳ ಪಟ್ಟಿ. ಫಲಿತಾಂಶ ಬಂದ ದಿನದಿಂದ ಅವನು ಅದನ್ನು ಬಿಡಿಸಿಯೂ ನೋಡಿರಲಿಲ್ಲ.

"ಮಾವ, ಪೆನ್ ಇದೆಯಾ?"

ಕೊಟ್ಟೆ. ಎರಡು ಸಾಲು ಹೊಡೆದು ಹಾಕಿದ. ಕೆಳಗಿದ್ದ ಒಂದನ್ನು ಮೇಲಕ್ಕೆ ಬರೆದ. ಏನೆಂದು ನಾನು ಕೇಳಲಿಲ್ಲ.