ಬಚ್ಚಲೊಲೆಯ ಬೂದಿಯಲ್ಲಿ ಕಾಳಿ

ಇನ್ನು ನಾಯಿ ಸಾಕುವುದಿಲ್ಲ ಎಂದು ನಾನು ನಿರ್ಧಾರ ಮಾಡಿ ಒಂದೂವರೆ ವರ್ಷವಾಗಿತ್ತು. ಕೊಟ್ಟಿಗೆಯ ಕಂಬದ ಮೊಳೆಯಲ್ಲಿ ಹಳೆಯ ಸರಪಳಿ ನೇತಾಡುತ್ತಿತ್ತು. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಇನ್ನೊಂದು ಕೊರಳಿಗೆ ಹಾಕಲೂ ಬರಲಿಲ್ಲ.

ಆ ಸರಪಳಿ ಕೆಂಚನದು. 2022ರ ಮಳೆಗಾಲದ ಒಂದು ರಾತ್ರಿ ಮನೆಗೆ ನೆಂಟರು ಬಂದಿದ್ದರು. ಅವರ ಮಗುವಿಗೆ ನಾಯಿ ಎಂದರೆ ಹೆದರಿಕೆ. ಹಾಗಾಗಿ ಕೆಂಚನನ್ನು ಅಂಗಳದ ಮೂಲೆಗೆ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಸರಪಳಿಯ ತುದಿಯಲ್ಲಿ ಹರಿದ ಪಟ್ಟಿ ಮಾತ್ರ ಇತ್ತು. ಸಿದ್ದಾಪುರ, ಸಿರ್ಸಿ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಇದೇನು ಹೊಸ ಸುದ್ದಿಯಲ್ಲ. ಚಿರತೆಗೆ ನಾಯಿ ಸುಲಭದ ಊಟ. ‘ಹೋಯ್ತು ಬಿಡಿ, ಇನ್ನೊಂದು ತಂದರಾಯ್ತು’ ಎಂದು ಅಕ್ಕಪಕ್ಕದವರು ಸಮಾಧಾನ ಹೇಳಿದರು. ಬಿಟ್ಟಿದ್ದರೆ ಓಡಿ ಎಲ್ಲಾದರೂ ನುಸುಳುತ್ತಿತ್ತು, ಕಟ್ಟಿದ್ದು ನಾನು, ಎನ್ನುವುದಕ್ಕೆ ಮಾತ್ರ ಯಾರೂ ಸಮಾಧಾನ ಹೇಳಲಿಲ್ಲ. ನಾನು ಯಾರಿಗೂ ಅದನ್ನು ಹೇಳಿರಲಿಲ್ಲ, ಅದಕ್ಕೆ.

ಮೊಮ್ಮಗಳಿಗೂ ಹೇಳಿರಲಿಲ್ಲ. ಸಿರ್ಸಿಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದ ಪುಟ್ಟಿ ಶನಿವಾರದ ಬಸ್ಸಿಗೆ ಬಂದರೆ ಭಾನುವಾರ ಸಂಜೆ ಅವಳಪ್ಪನ ಬೈಕಿನಲ್ಲಿ ಹೋಗುತ್ತಾಳೆ. 2024ರ ಜನವರಿಯಲ್ಲಿ ಅವಳನ್ನು ಕರೆದುಕೊಂಡು ಯಲ್ಲಾಪುರದ ಆಚೆ ನೆಂಟರ ಮನೆಗೆ ಹೋಗಿದ್ದೆ. ಅಲ್ಲಿಗೆ ಹತ್ತಿರದಲ್ಲೇ ಗೌಳಿಗರ ನಾಲ್ಕಾರು ಮನೆಗಳಿವೆ. ಅಲ್ಲಿನ ಎಮ್ಮೆ ಕಾಯುವ ನಾಯಿ ಐದು ಮರಿ ಹಾಕಿತ್ತು. ನಾಲ್ಕು ಆಗಲೇ ಹೋಗಿದ್ದವು. ಉಳಿದದ್ದು ಒಂದು ಹೆಣ್ಣು. ಕಪ್ಪು ಮೈ, ಎದೆಯ ಮೇಲೆ ಸುಣ್ಣದ ಬೆರಳು ಒರೆಸಿದಂತೆ ಒಂದು ಬಿಳಿ ಗೆರೆ. ‘ಹೆಣ್ಣುಮರಿ, ಯಾರೂ ಒಯ್ಯಲಿಲ್ಲ’ ಎಂದರು ಆ ಮನೆಯ ಅಜ್ಜಿ. ಎರಡು ತಿಂಗಳು ತುಂಬಿದೆ, ತಾಯಿ ಬಿಟ್ಟು ಇರಬಲ್ಲದು ಎಂದೂ ಹೇಳಿದರು. ಪುಟ್ಟಿ ಏನೂ ಕೇಳಲಿಲ್ಲ. ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ನನ್ನ ಮುಖ ನೋಡಿದಳು, ಅಷ್ಟೇ. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳ ಮುಖ ನೋಡಿದವನು ನಾನು. ಕೇಳುವ ಮಕ್ಕಳಿಗೆ ಇಲ್ಲ ಎನ್ನಬಹುದು, ಕೇಳದೆ ಕೂತ ಮಕ್ಕಳಿಗೆ ಇಲ್ಲ ಎನ್ನುವುದು ಕಷ್ಟ.

ಬುಟ್ಟಿಯಲ್ಲಿ ಗೋಣಿ ಹಾಸಿ ಮರಿಯನ್ನು ಕೂರಿಸಿಕೊಂಡು ಬಸ್ಸು ಹತ್ತಿದೆವು. ಸಿರ್ಸಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಅದು ಎರಡು ಸಲ ವಾಂತಿ ಮಾಡಿ, ಒಂದು ಸಲ ನನ್ನ ಪಂಚೆ ಒದ್ದೆ ಮಾಡಿತ್ತು. ಕಂಡಕ್ಟರ್ ಕಂಡೂ ಕಾಣದಂತೆ ಮುಂದೆ ಹೋದ. ಮನೆ ಮುಟ್ಟಿದಾಗ ಇವಳು ಜಗುಲಿಯಲ್ಲಿ ನಿಂತು ಬುಟ್ಟಿಯೊಳಗೆ ಇಣುಕಿದಳು. “ತಂದದ್ದು ತಂದಾತು. ಕುನ್ನಿಯ ಒಳಗೆ ಮಾತ್ರ ಬಿಡಡಿ” ಎಂದು ಅಡುಗೆಮನೆಗೆ ಹೋದಳು.

ಹೆಸರಿನ ವಿಷಯದಲ್ಲಿ ಜಗಳವಾಯಿತು. ಪುಟ್ಟಿಗೆ ‘ಬ್ರೂನೋ’ ಬೇಕಿತ್ತು. ಹೆಣ್ಣುಮರಿಗೆ ಬ್ರೂನೋ ಎಂಥದ್ದು ಎಂದೆ. ಕಾಳಿ ನದಿಯ ಸೀಮೆಯಿಂದ ಬಂದದ್ದು, ಬಣ್ಣವೂ ಕಪ್ಪು, ‘ಕಾಳಿ’ ಎಂದಿಡೋಣ ಎಂದು ಅವಳಿಗೊಂದು ಕತೆ ಹೇಳಿದೆ. ಕತೆಯಲ್ಲ, ನಡೆದದ್ದೇ. ಸಾವಿರ ವರ್ಷಕ್ಕೂ ಹಿಂದೆ, 10ನೇ ಶತಮಾನದಲ್ಲಿ, ಗಂಗರ ಬೂತುಗನ ಬಳಿ ಕಾಳಿ ಎಂಬ ಬೇಟೆನಾಯಿ ಇತ್ತು. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ ಅವನು ಆ ನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಪೂಜಾರಿ ಉಣ್ಣಕೂಡದು ಎಂದೂ ಬರೆಸಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪುಟ್ಟಿ ಎಲ್ಲ ಕೇಳಿ, “ನಮ್ಮ ಕಾಳಿ ಹಂದಿ ಹತ್ರ ಹೋಗೋದು ಬೇಡ ಅಜ್ಜಾ” ಎಂದಳು. ಹೆಸರು ನಿಂತಿತು.

ಮೊದಲ ರಾತ್ರಿ ಬಂತು ನೋಡಿ ನಿಜವಾದ ಪ್ರಶ್ನೆ. ಮರಿ ಮಲಗುವುದೆಲ್ಲಿ? ಅಂಗಳ ಆಗದು, ಅದು ನನ್ನ ಹಟ. ಒಳಗೆ ಆಗದು, ಅದು ಇವಳ ಹಟ. ಕಡೆಗೆ ಇಬ್ಬರೂ ಒಪ್ಪಿದ್ದು ಬಚ್ಚಲುಮನೆಗೆ. ಅದು ಮನೆಯ ಒಳಗೂ ಹೌದು, ಹೊರಗೂ ಹೌದು. ಹಂಡೆಯ ಒಲೆ ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಗೋಣಿ ಹಾಸಿ, ಬಾಗಿಲಿಗೆ ಅಗುಳಿ ಹಾಕಿ ಬಂದೆ. ಐದು ನಿಮಿಷಕ್ಕೆ ಶುರುವಾಯಿತು ಕುಂಯ್ ಕುಂಯ್. ಆಮೇಲೆ ಕೂಗು. ಆಮೇಲೆ ಊಳು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ! ಮೂರು ರಾತ್ರಿ ಹೀಗೇ ಹೋಯಿತು. ಬೈದರೆ ಇನ್ನೂ ಹೆಚ್ಚು ಕೂಗುತ್ತಿತ್ತು. ಒಡಹುಟ್ಟಿದವರ ಮೈಗೆ ಮೈ ತಾಗಿಸಿ ಮಲಗಿದ ಜೀವ ಒಂಟಿಯಾದರೆ ಇನ್ನೇನು ಮಾಡೀತು? ನಾಲ್ಕನೇ ರಾತ್ರಿ ನಾನು ಬಚ್ಚಲ ಬಾಗಿಲ ಈಚೆ ಚಾಪೆ ಹಾಕಿ ಮಲಗಿದೆ. ಉಸಿರಿನ ಸದ್ದು ಕೇಳಿದ ಮೇಲೆ ಸುಮ್ಮನಾಯಿತು. ದಿನಾ ಚಾಪೆಯನ್ನು ಒಂದೊಂದು ಮೊಳ ಹಿಂದಕ್ಕೆ ಎಳೆಯುತ್ತ ಹದಿನೈದು ದಿನದಲ್ಲಿ ನನ್ನ ಮಂಚಕ್ಕೆ ವಾಪಸಾದೆ. ಬೆಳಿಗ್ಗೆ ಬಾಗಿಲು ತೆರೆದರೆ ಕಪ್ಪು ಕಾಳಿ ಒಲೆಯ ಬೂದಿಯಲ್ಲಿ ಹೊರಳಿ ಬಿಳಿ ಕಾಳಿಯಾಗಿ ಹೊರಬರುತ್ತಿದ್ದಳು.

ಆಗ ಅಂಗಳದ ತುಂಬ ಚಾಲಿ ಒಣಗಿಸಲು ಹರವಿದ ಅಡಿಕೆ. ಕಾಳಿಗೆ ಉಚ್ಚೆ ಹೊಯ್ಯಲು ಅದರಷ್ಟು ಪ್ರಶಸ್ತ ಜಾಗ ಇನ್ನೊಂದು ಸಿಗಲಿಲ್ಲ. ನಮ್ಮ ಕಾಲದಲ್ಲಿ ಮರಿಯ ಮೂತಿಯನ್ನು ಅದರಲ್ಲೇ ಒರೆಸಿ ಒಂದು ಬಾರಿಸುತ್ತಿದ್ದರು. ನಾನೂ ಒಮ್ಮೆ ಹಾಗೆ ಮಾಡಿದೆ. ಅದು ಕಲಿತದ್ದು ಒಂದೇ, ನನ್ನನ್ನು ಕಂಡರೆ ಮಂಚದಡಿ ಹೋಗಿ ಉಚ್ಚೆ ಹೊಯ್ಯುವುದು. ಪಶುವೈದ್ಯರು ನಕ್ಕು, “ಮಾಸ್ತರೇ, ಎರಡು ತಿಂಗಳ ಮರಿಗೆ ಎರಡು ತಾಸಿಗಿಂತ ಹೆಚ್ಚು ತಡೆದುಕೊಳ್ಳಲು ಆಗುವುದಿಲ್ಲ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಯ್ಯಿರಿ. ಮಾಡಿದ ಕ್ಷಣವೇ ಶಾಭಾಸ್ ಅನ್ನಿ” ಎಂದರು. ಹಲಸಿನ ಮರದ ಬುಡದಲ್ಲಿ ನಿಂತು ಮುದುಕನೊಬ್ಬ ನಾಯಿಗೆ ಶಾಭಾಸ್ ಹೇಳುವುದನ್ನು ತೋಟದ ಕೆಲಸಕ್ಕೆ ಬಂದವರು ನೋಡಿ ನಕ್ಕರು. ತಿಂಗಳೊಪ್ಪತ್ತಿನಲ್ಲಿ ಅವಳಿಗೆ ಅಭ್ಯಾಸವಾಯಿತು.

ಊಟದ್ದು ಬೇರೆಯೇ ರಗಳೆ. ಪ್ರೀತಿಯಿಂದ ಗಟ್ಟಿ ಹಾಲು ಹಾಕಿದರೆ ಹೊಟ್ಟೆ ಕೆಟ್ಟಿತು. ಎಷ್ಟೋ ಮರಿಗಳಿಗೆ ದನದ ಹಾಲು ಜೀರ್ಣವಾಗುವುದಿಲ್ಲವಂತೆ. ಮಜ್ಜಿಗೆ ಅನ್ನ ಒಗ್ಗಿತು. ಆದರೆ ಬರೀ ಅನ್ನದಲ್ಲಿ ಮೂಳೆ ಬಲಿಯುವುದಿಲ್ಲ, ಬೇಯಿಸಿದ ಮೊಟ್ಟೆ ಕೊಡಿ ಎಂದರು ವೈದ್ಯರು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಇವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿದ್ದು ಕಂಡಿತು. ಒಂದು ಹಳೆಯ ತಗಡಿನ ಡಬ್ಬಿಯೂ ಇತ್ತು. ಕೆಲಸದಾಕೆ ಅಲ್ಲಿ ಬೇಯಿಸುತ್ತಾಳೆ. ಹೊತ್ತಿಗೆ ಸರಿಯಾಗಿ ಅವಳನ್ನು ಕೂಗುವುದು ಮಾತ್ರ ಇವಳೇ!

ಇನ್ನು ಮಕ್ಕಳು ಗಮನ ಕೊಟ್ಟು ಓದಬೇಕಾದ ಸಂಗತಿ. ಒಂದು ಶನಿವಾರ ಆಡುತ್ತಿರುವಾಗ ಕಾಳಿ ಪುಟ್ಟಿಯ ಬೆರಳು ಕಚ್ಚಿತು. ಮರಿಹಲ್ಲು ಸೂಜಿಯಂತೆ ಚೂಪು. ಸಣ್ಣ ಗಾಯ, ಎರಡು ಹನಿ ರಕ್ತ. ಕಾಳಿಗೆ ಪೆಟ್ಟು ಬೀಳುತ್ತದೆ ಎಂದು ಪುಟ್ಟಿ ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡಳು. ಊಟಕ್ಕೆ ಕೂತಾಗ ಅವಳ ಅಮ್ಮಮ್ಮ ಕಂಡು ಹಿಡಿದಳು. ರೇಬೀಸ್ ಚುಚ್ಚುಮದ್ದು ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕಿಸುವುದು. ಕಾಳಿಗೆ ಇನ್ನೂ ಆಗಿರಲಿಲ್ಲ. ಆ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧ ಇಲ್ಲ. ನಲ್ಲಿಯ ಕೆಳಗೆ ಸೋಪು ಹಚ್ಚಿ, ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆದೆವು. ಸುಣ್ಣ, ಅರಿಸಿನ ಯಾವುದನ್ನೂ ಹಚ್ಚಲಿಲ್ಲ. ಆಸ್ಪತ್ರೆಗೆ ಹೋದೆವು. ಅಂದು ಒಂದು, ಮತ್ತೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ, ಹೀಗೆ ನಾಲ್ಕು ಸಲ ಚುಚ್ಚುಮದ್ದು. ಕಾಳಿಗೆ ಏನೂ ಆಗಿರಲಿಲ್ಲ, ಚೆನ್ನಾಗಿಯೇ ಇದ್ದಳು. ಆದರೂ ಆ ನಾಲ್ಕು ಸಲವೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಪುಟ್ಟಿಗೆ ಬೈಯಲಿಲ್ಲ. “ನೀ ಹೇಳಿದ್ರೆ ಕಾಳಿಗೆ ಯಾರೂ ಹೊಡೀತಿರ್ಲಿಲ್ಲ” ಎಂದೆ. ಅವಳು ನಂಬಿದಳೋ ಇಲ್ಲವೋ. ಮಂಚದಡಿಯ ಪ್ರಸಂಗ ಅವಳು ನೋಡಿದ್ದಳಲ್ಲ!

ಆಮೇಲೆ ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ, ಬೆನ್ನು ಹಾಕಿ ನಿಲ್ಲುವುದನ್ನು ರೂಢಿ ಮಾಡಿದೆವು. ಗಂಟು ಹಾಕಿದ ಒದ್ದೆ ಬಟ್ಟೆಯನ್ನು ಅಗಿಯಲು ಕೊಟ್ಟೆವು. ಅಷ್ಟರೊಳಗೆ ನನ್ನ ಒಂದು ಜೊತೆ ಚಪ್ಪಲಿ, ಎರಡು ಹಾಳೆಟೊಪ್ಪಿ ಮುಗಿದಿದ್ದವು.

ಅಗಿಯುವ ಚಟ ಇನ್ನೊಂದು ಗಂಡಾಂತರ ತಂದಿತು. ಫೆಬ್ರುವರಿಯ ಒಂದು ಸಂಜೆ ಕಾಳಿ ಜಗುಲಿಯ ಮೆಟ್ಟಿಲಲ್ಲಿ ನಿಂತು ಜೊಲ್ಲು ಸುರಿಸುತ್ತಿದ್ದಳು. ಕಾಲು ಓಲಾಡುತ್ತಿತ್ತು. ವಾಂತಿ ಆಯಿತು, ನೋಡಿದರೆ ಅಡಿಕೆಯ ಚೂರು. ರಾಶಿಯಿಂದ ಕದ್ದು ಅಗಿದಿದ್ದಾಳೆ! ಪಕ್ಕದ ಮನೆಯವರ ಜೀಪಿನಲ್ಲಿ ಹಾಕಿಕೊಂಡು ಹೋದೆವು. ಇವಳು ತನ್ನ ಹಳೆಯ ಸೀರೆ ಸುತ್ತಿ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಡಿ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ, ಕೇಳುವ ಹೊತ್ತೂ ಅದಲ್ಲ. ವೈದ್ಯರು ಚುಚ್ಚುಮದ್ದು ಕೊಟ್ಟು, ಡ್ರಿಪ್ ಹಾಕಿ ರಾತ್ರಿ ಹತ್ತರವರೆಗೆ ಕೂರಿಸಿಕೊಂಡರು. ಆಗಲೇ ಅವರು ಹೇಳಿದ್ದು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಇಳಿಸಲು ಅದನ್ನೇ ಔಷಧವಾಗಿ ಕೊಡುತ್ತಿದ್ದರು. ದೂರದ ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೂ ಕೊಟ್ಟರಂತೆ. ಪ್ರಮಾಣ ಮೀರಿದರೆ ಅದೇ ವಿಷ. ಹುಟ್ಟಿದಾಗಿನಿಂದ ಅಡಿಕೆಯ ನಡುವೆ ಬೆಳೆದ ನನಗೆ ಈ ಸಂಗತಿ ಗೊತ್ತಿರಲಿಲ್ಲ. ಮರುದಿನವೇ ಅಡಿಕೆಯ ಸುತ್ತ ಬಲೆ ಕಟ್ಟಿಸಿದೆ. ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಕೂಡ ನಾಯಿಗೆ ಆಗದು ಎಂದು ಅವರೇ ಹೇಳಿದರು. ಪುಟ್ಟಿಯ ಚಾಕೊಲೇಟಿನಲ್ಲಿ ಕಾಳಿಗೆ ಪಾಲು ಕೊಡುವುದು ಅಂದಿಗೆ ನಿಂತಿತು.

ಆ ಬೇಸಿಗೆಯಲ್ಲಿ ನಮ್ಮ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಜೋರಾಗಿತ್ತು. ಸಾವೂ ಆಗಿತ್ತು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಹರಡುವುದು ಉಣುಗಿನಿಂದ. ನಾಯಿಯ ಮೈಮೇಲಿನ ಉಣುಗೆಲ್ಲ ಆ ಜಾತಿಯದಲ್ಲ. ಆದರೆ ಬೆಟ್ಟದ ದರಕಿನಲ್ಲಿ ಓಡಾಡಿ ಬಂದ ದನವಾಗಲಿ ನಾಯಿಯಾಗಲಿ ಉಣುಗನ್ನು ಮನೆಗೆ ಹೊತ್ತು ತರಬಲ್ಲದು. ಹಾಗಾಗಿ ಮಳೆ ಬೀಳುವವರೆಗೆ ಕಾಳಿಯನ್ನು ಬೆಟ್ಟಕ್ಕೆ ಬಿಡಲಿಲ್ಲ. ದಿನಾ ಸಂಜೆ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಹುಡುಕುವುದು ನನ್ನ ಕೆಲಸ. ಮೊದಲು ಉಣುಗನ್ನು ಉಗುರಿನಲ್ಲೇ ಕುಕ್ಕುತ್ತಿದ್ದೆ. ಅದು ತಪ್ಪು. ಚಿಮಟದಲ್ಲಿ ಬುಡಕ್ಕೆ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಬೇಕು. ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ನಮ್ಮ ಕೈಕಾಲಿಗೆ. ನಾಯಿಗೆ ವೈದ್ಯರು ಬರೆದ ಬೇರೆ ಔಷಧ. ಮಳೆ ಹಿಡಿದ ಮೇಲೆ ಉಂಬಳ. ಅದಕ್ಕೆ ಉಪ್ಪು ಸಾಕು.

ಜುಲೈನಲ್ಲಿ, ಹಗಲೂ ರಾತ್ರಿಯೂ ಮಳೆ ಹೊಯ್ಯುತ್ತಿದ್ದಾಗ, ಒಂದು ರಾತ್ರಿ ಎರಡು ಗಂಟೆಗೆ ಕಾಳಿ ಕೂಗಿದಳು. ಅದು ಕುಂಯ್‌ಗುಟ್ಟುವ ಮರಿಯ ದನಿಯಲ್ಲ. ಎದೆಯೊಳಗಿನಿಂದ ಬರುವ ಗುರುಗುರು, ಆಮೇಲೆ ಒಂದೇ ಸಮನೆ ಬೊಗಳು. ಕೊಟ್ಟಿಗೆಯಲ್ಲಿ ದನ ಎದ್ದು ನಿಂತ ಸದ್ದಾಯಿತು. ನಾನು ಬ್ಯಾಟರಿ ಹುಡುಕಿ ಬರುವಷ್ಟರಲ್ಲಿ ಇವಳು ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಳಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. “ಬಾಗ್ಲು ತೆಗೆಯಡಿ” ಎಂದಳು. ತೆಗೆಯಲಿಲ್ಲ. ಮೂವರೂ ಹಾಗೇ ಕೂತೆವು. ಬೆಳಿಗ್ಗೆ ತೋಟದ ಅಂಚಿನ ಕೆಸರಿನಲ್ಲಿ ಹೆಜ್ಜೆಗಳಿದ್ದವು. ಕೊಟ್ಟಿಗೆಯ ಹಿಂದೆ ಬಂದು, ಅಂಗಳದ ಮೂಲೆಯಲ್ಲಿ, ಕೆಂಚನನ್ನು ಕಟ್ಟಿದ್ದ ಜಾಗದ ಹತ್ತಿರ ನಿಂತು, ವಾಪಸು ಹೋಗಿತ್ತು.

ಅಂದು ಕಾಫಿ ಕುಡಿಯುವಾಗ ಇವಳಿಗೆ ಆ ರಾತ್ರಿಯ ವಿಷಯ ಹೇಳಿದೆ, ಕೆಂಚನನ್ನು ಕಟ್ಟಿದ್ದು, ನೆಂಟರ ಮಗು, ಎಲ್ಲ. “ಗೊತ್ತಿತ್ತು” ಎಂದಳು. ಆಮೇಲೆ ಎದ್ದು ಹೋಗಿ ಕಾಳಿಯ ಬಟ್ಟಲು ತೊಳೆದಳು.

ಸರಪಳಿ ಈಗಲೂ ಮೊಳೆಯಲ್ಲೇ ಇದೆ. ಕಾಳಿಗೆ ಹಗಲು ಅಂಗಳ, ಕತ್ತಲಾದರೆ ಬಚ್ಚಲುಮನೆ. ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ, ಏಕಾದಶಿಗೆ ಇವಳು ಹಾಕಿದ ಗುರುತಿನ ಪಕ್ಕದ ಮನೆಯಲ್ಲಿ, ಅವಳದೇ ಅಕ್ಷರದಲ್ಲಿ ‘ಕಾಳಿ, ಹುಳದ ಔಷಧ’ ಎಂದಿದೆ.